ಪೈಪು ತಿನ್ನುವುದು ಗ್ಯಾಸಲ್ಲ ಸ್ವಾಮಿ, ನೀರು

ಹೋದ ಸಂಚಿಕೆಯಲ್ಲಿ ಮುಂಬೈ ಕಡಲಿನ ಗ್ಯಾಸ್ ಪ್ಲಾಟ್‌ಫಾರಂಗಳ ಮೇಲೆ ಕಳೆದ ದಿನಗಳ ಬಗ್ಗೆ ಬರೆದಿದ್ದೆ. ಹದಿನಾಲ್ಕು ದಿನ ಕಡಲು, ಹದಿನಾಲ್ಕು ದಿನ ಮನೆ, ಜುಹುವಿನಿಂದ ಹೆಲಿಕಾಪ್ಟರ್, ಆ ಕತೆ. ಮಧ್ಯದಲ್ಲಿ ಎಲ್ಲೋ ‘ನನ್ನ ಕೆಲಸ ತುಕ್ಕು ಕಾಯುವುದು’ ಅಂತ ಒಂದು ಸಾಲು ಬಿದ್ದುಬಿಟ್ಟಿತು. ಓದುಗರು ಬಿರುಗಾಳಿ, ಊಟ, ಒಂಟಿತನ ಎಲ್ಲ ಬಿಟ್ಟು ಆ ಸಾಲನ್ನೇ ಹಿಡಿದುಕೊಂಡಿದ್ದಾರೆ. ಸಂಪಾದಕರು ಪತ್ರಗಳ ಕಟ್ಟು ಕಳಿಸಿ, ‘ನೀವೇ ಉತ್ತರ ಕೊಡಿ’ ಅಂದರು. ‘ಮೂವತ್ತು ವರ್ಷ ನನಗೆ ಹೇಳಿದ್ದು ಸಾಲಲಿಲ್ಲ, ಈಗ ಊರಿಗೆಲ್ಲ ಹೇಳಿ’ ಅಂದಳು ನಮ್ಮ ಮನೆಯವಳು. ಹೇಳುತ್ತೇನೆ.

ಸುತ್ತ ಉಪ್ಪುನೀರು ಇರುವಾಗ ಹೊರಗಿನಿಂದ ತುಕ್ಕು ಹಿಡಿಯುವುದು ಅರ್ಥವಾಗುತ್ತದೆ. ಆದರೆ ಪೈಪಿನ ಒಳಗೆ ಹೋಗುವುದು ಗ್ಯಾಸು. ಅದು ಉಕ್ಕನ್ನು ಹೇಗೆ ತಿನ್ನುತ್ತದೆ ಸಾರ್?
— ವಿಜ್ಞಾನ ಮೇಷ್ಟ್ರು, ಕುಮಟಾ

ಮೇಷ್ಟ್ರೇ, ತಿನ್ನುವುದು ಗ್ಯಾಸಲ್ಲ, ನೀರು. ಇಷ್ಟು ಸಣ್ಣ ಮಾತು ನನ್ನ ತಲೆಗೆ ಸರಿಯಾಗಿ ಇಳಿಯಲು ಹತ್ತು ವರ್ಷ ಬೇಕಾಯಿತು.

ಬಾವಿಯಿಂದ ಬರುವ ಗ್ಯಾಸು ನಿಮ್ಮ ಮನೆಯ ಸಿಲಿಂಡರಿನಲ್ಲಿ ಇರುವಂಥದ್ದಲ್ಲ. ನೆಲದಾಳದಲ್ಲಿ ಬಿಸಿಯಾಗಿ, ನೀರಾವಿ ಕುಡಿದು ಮೇಲೆ ಬರುತ್ತದೆ. ಕಡಲ ತಳದ ತಣ್ಣನೆ ಪೈಪಿಗೆ ಬಂದಾಗ ಆ ಆವಿ ಹನಿಯಾಗುತ್ತದೆ. ಅನ್ನದ ತಪ್ಪಲೆಯ ಮುಚ್ಚಳ ಎತ್ತಿದರೆ ಒಳಗೆ ಹನಿ ಸಾಲುಗಟ್ಟಿರುತ್ತದಲ್ಲ, ಹಾಗೆ. ಜೊತೆಗೆ ಗ್ಯಾಸಿನಲ್ಲಿ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಒತ್ತಡ ಹಾಕಿ ಅದನ್ನು ನೀರಿಗೆ ಸೇರಿಸಿದರೆ ಆಗುವುದೇನು? ಗೋಲಿ ಸೋಡಾ. ನಮ್ಮ ನಾಲಿಗೆಗೆ ಚುರುಕ್ ಅನ್ನಿಸುವ ಹುಳಿಯೇ ಅಲ್ಲಿ ಉಕ್ಕನ್ನು ಕರಗಿಸುತ್ತದೆ.

ಸ್ವಲ್ಪ ಲೆಕ್ಕ ಮಾಡೋಣ. ಪೈಪಿನ ಒತ್ತಡ 80 ಬಾರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 80 ಪಟ್ಟು), ಗ್ಯಾಸಿನಲ್ಲಿ ನೂರಕ್ಕೆ 5 ಭಾಗ ಕಾರ್ಬನ್ ಡೈಆಕ್ಸೈಡ್ ಅಂದುಕೊಳ್ಳಿ. ಅದರ ಪಾಲಿನ ಒತ್ತಡ 4 ಬಾರ್ ಆಯಿತು. ಹಳಬರ ಕೈಲೆಕ್ಕ ಹೀಗಿದೆ: ಈ ಪಾಲು ಅರ್ಧ ಬಾರಿಗಿಂತ ಕಡಿಮೆ ಇದ್ದರೆ ನಿದ್ದೆ ಮಾಡಬಹುದು, 2 ಬಾರ್ ದಾಟಿದರೆ ನಿದ್ದೆ ಬಿಡಬೇಕು. ಸುಮ್ನೆ ಬಿಟ್ಟರೆ ಮಾಮೂಲಿ ಉಕ್ಕು ವರ್ಷಕ್ಕೆ ಹಲವು ಮಿಲಿಮೀಟರ್ ಸವೆಯಬಹುದು. ಪೈಪಿನ ದಪ್ಪವೇ 20–25 ಮಿಲಿಮೀಟರ್. ಬಾಳಿಕೆ ಎಷ್ಟು ಅಂತ ನಿಮ್ಮ ಮಕ್ಕಳೇ ಲೆಕ್ಕ ಮಾಡಲಿ.

ಕೆಲವು ಕಡೆ ಹೈಡ್ರೋಜನ್ ಸಲ್ಫೈಡ್ ಕೂಡ ಇರುತ್ತದೆ. ಮುಂಬೈ ಕಡಲಿನ ನಮ್ಮ ಬಸ್ಸೈನ್ ಕ್ಷೇತ್ರದ ಗ್ಯಾಸಿನಲ್ಲಿ ಇದೆ. ಇಂಥದ್ದಕ್ಕೆ ಕೆಲಸದವರು ‘ಸೋರ್ ಗ್ಯಾಸ್’ ಅನ್ನುತ್ತಾರೆ, ಅಂದರೆ ಹುಳಿ ಗ್ಯಾಸು. ಕನ್ನಡದ ಕಿವಿಗೆ ಅದು ‘ಸೋರುವ ಗ್ಯಾಸು’ ಅಂತ ಕೇಳಿಸುತ್ತದೆ. ಸೋರಿದರೆ ಕತೆ ಮುಗಿಯಿತು, ಹಾಗಾಗಿ ಹೆಸರು ತಪ್ಪೇನಲ್ಲ! ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗದ ಆಸುಪಾಸಿಗೆ ಬಂದರೆ ಮೂಗೇ ಸತ್ತುಹೋಗುತ್ತದೆ. ವಾಸನೆ ನಿಂತಿತು, ಗ್ಯಾಸು ಹೋಯಿತು ಅಂದುಕೊಂಡವನು ಅಲ್ಲೇ ಬೀಳುತ್ತಾನೆ. ಅದಕ್ಕೇ ನಾವು ಮೂಗನ್ನು ನಂಬುತ್ತಿರಲಿಲ್ಲ. ಅಂಗಿಗೆ ಸಿಕ್ಕಿಸಿದ ಡಿಟೆಕ್ಟರ್ 10 ಭಾಗಕ್ಕೇ ಕೂಗಿಕೊಳ್ಳುತ್ತಿತ್ತು.

ಹಾಗಾದರೆ ಮದ್ದೇನು? ಗ್ಯಾಸನ್ನು ಕಡಲಲ್ಲೇ ಒಣಗಿಸುವುದು. ಎತ್ತರದ ಕೊಳವೆಯಂಥ ಟವರಿನಲ್ಲಿ ಮೇಲಿನಿಂದ ಗ್ಲೈಕಾಲ್ ಅನ್ನುವ ದ್ರವ ಇಳಿಯುತ್ತದೆ, ಕೆಳಗಿನಿಂದ ಗ್ಯಾಸು ಏರುತ್ತದೆ. ಗ್ಲೈಕಾಲಿಗೆ ನೀರೆಂದರೆ ಪ್ರಾಣ, ಹೀರಿಕೊಂಡುಬಿಡುತ್ತದೆ. ಬಸ್ಸೈನಿನಿಂದ ಗುಜರಾತಿನ ಹಜೀರಾಕ್ಕೆ ಕಡಲ ತಳದಲ್ಲಿ 200 ಕಿಲೋಮೀಟರಿಗೂ ಉದ್ದದ ಪೈಪು ಹೋಗುತ್ತದೆ. ಒಳಗೆ ಹುಳಿ ಗ್ಯಾಸೇ ಹರಿಯುವುದು. ಸಲ್ಫೈಡ್ ತೆಗೆಯುವ ಕೆಲಸ ಹಜೀರಾದಲ್ಲಿ. ಆದರೂ ಪೈಪು ಬಾಳುತ್ತದೆ, ಯಾಕೆಂದರೆ ಗ್ಯಾಸು ಒಣಗಿದೆ. ಗ್ಲೈಕಾಲ್ ಪಂಪು ಕೆಟ್ಟ ದಿನ ಕಂಟ್ರೋಲ್ ರೂಮಿನಲ್ಲಿ ಎಲ್ಲರಿಗಿಂತ ಮುಂಚೆ ಬೆವರುತ್ತಿದ್ದವನು ನಾನು.

ನಮ್ಮದು ಸ್ಟೀಲ್ ಬೋಟು. ತಳದಲ್ಲಿ ನೀರು ತಳ್ಳುವ ಫ್ಯಾನಿನ ಹತ್ತಿರ ಜಿಂಕ್ ಗಟ್ಟಿ ಹಾಕಿಸಿದ್ದೇವೆ. ಈ ಸಲ ಪೇಂಟ್ ಮಾಡುವವ ಅದರ ಮೇಲೂ ಚೆನ್ನಾಗಿ ಬಣ್ಣ ಬಳಿದಿದ್ದಾನೆ. ಜಾಸ್ತಿ ದಿನ ಬಾಳಿಕೆ ಬರುತ್ತದೆ ಅಂತಾನೆ. ಹೌದಾ? ನಿಮ್ಮ ಪ್ಲಾಟ್‌ಫಾರಂನಲ್ಲೂ ಇದೇ ಹಾಕುತ್ತಾರಾ?
— ಬೋಟ್ ಮಾಲೀಕರ ಮಗ, ಮಲ್ಪೆ

ತಮ್ಮಾ, ಇವತ್ತೇ ಕೆರೆಸಿಬಿಡು. ಜಿಂಕ್ ಬಾಳಿಕೆ ಬರುತ್ತದೆ, ಬೋಟು ಬರುವುದಿಲ್ಲ.

ಜಿಂಕಿನ ಕೆಲಸವೇ ಸವೆಯುವುದು. ಉಕ್ಕಿಗೆ ತಾಗಿಸಿ ಉಪ್ಪುನೀರಿನಲ್ಲಿ ಇಟ್ಟರೆ ಎರಡರ ನಡುವೆ ಸಣ್ಣ ಬ್ಯಾಟರಿ ಹುಟ್ಟುತ್ತದೆ. ಆಗ ಜಿಂಕ್ ತಾನು ಕರಗಿ ಉಕ್ಕನ್ನು ಉಳಿಸುತ್ತದೆ. ಬಣ್ಣ ಬಳಿದರೆ ಅದಕ್ಕೆ ನೀರೇ ತಾಗುವುದಿಲ್ಲ. ಬ್ಯಾಟರಿ ಬಂದ್. ವರ್ಷದ ಕೊನೆಗೆ ಜಿಂಕ್ ಹೊಸದರಂತೆ ಇದ್ದರೆ ಖುಷಿ ಪಡಬಾರದು, ಹೆದರಬೇಕು. ಅರ್ಧ ಸವೆದಿದ್ದರೆ ಅದು ಕೆಲಸ ಮಾಡಿದೆ ಅಂತ ಲೆಕ್ಕ.

ಪ್ಲಾಟ್‌ಫಾರಂನಲ್ಲೂ ಇದೇ ಉಪಾಯ. ಗಟ್ಟಿ ಮಾತ್ರ ಜಿಂಕಿನದಲ್ಲ, ಅಲ್ಯೂಮಿನಿಯಂನದು. ಯಾಕೆ ಅಂದರೆ ತೂಕ. ಒಂದು ಆಂಪಿಯರ್ ಕರೆಂಟನ್ನು ಒಂದು ವರ್ಷ ಕೊಡಲು ಜಿಂಕ್ 11 ಕಿಲೋ ಬೇಕು. ಅಲ್ಯೂಮಿನಿಯಂ ಆದರೆ ನಾಲ್ಕೂವರೆ ಕಿಲೋ ಸಾಕು. ಹಾಗಂತ ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆ ಕಟ್ಟಿದರೆ ನಡೆಯುವುದಿಲ್ಲ. ಅದರ ಮೈಮೇಲೆ ಒಂದು ತೆಳು ಪೊರೆ ತಾನಾಗಿಯೇ ಕಟ್ಟಿಕೊಳ್ಳುತ್ತದೆ, ಆಮೇಲೆ ಅದು ಸವೆಯುವುದೇ ಇಲ್ಲ. ಆ ಪೊರೆ ಕಟ್ಟದಂತೆ ಸ್ವಲ್ಪ ಜಿಂಕ್, ಚಿಟಿಕೆಯಷ್ಟು ಇಂಡಿಯಂ ಅನ್ನುವ ಲೋಹ ಬೆರೆಸಿ ಎರಕ ಹೊಯ್ಯುತ್ತಾರೆ.

ನೀರೊಳಗಿರುವ ಪ್ಲಾಟ್‌ಫಾರಂ ಕಾಲುಗಳಿಗೆ ಸಾಮಾನ್ಯವಾಗಿ ಬಣ್ಣವೇ ಬಳಿಯುವುದಿಲ್ಲ. ಕೇಳಿದವರು ನಂಬುವುದಿಲ್ಲ, ಆದರೆ ಹೌದು. ಬರೀ ಉಕ್ಕು, ಅದರ ತುಂಬ ಅಲ್ಯೂಮಿನಿಯಂ ಗಟ್ಟಿಗಳು. ಬೆಚ್ಚಗಿನ ಕಡಲಿನಲ್ಲಿ ಒಂದು ಚದರ ಮೀಟರ್ ಉಕ್ಕಿಗೆ ಸರಾಸರಿ 70 ಮಿಲಿಆಂಪಿಯರ್ ಹಿಡಿಯುತ್ತಾರೆ. 1000 ಚದರ ಮೀಟರಿಗೆ 70 ಆಂಪಿಯರ್. ವರ್ಷಕ್ಕೆ 300 ಕಿಲೋ ಚಿಲ್ಲರೆ, 25 ವರ್ಷಕ್ಕೆ ಸುಮಾರು 8 ಟನ್ ಅಲ್ಯೂಮಿನಿಯಂ. ಅಷ್ಟನ್ನೂ ಮೊದಲೇ ಬೆಸುಗೆ ಹಾಕಿ ಕಡಲಿಗೆ ಇಳಿಸುವುದು, ಬುತ್ತಿ ಕಟ್ಟಿ ಕಳಿಸಿದ ಹಾಗೆ. ಮತ್ತೊಂದು ಸೊಗಸು ಇದೆ. ಈ ಕರೆಂಟು ಹರಿಯುತ್ತಿದ್ದರೆ ಕಡಲ ನೀರಿನ ಸುಣ್ಣದ ಅಂಶ ಉಕ್ಕಿನ ಮೇಲೆ ಬಿಳಿ ಪದರವಾಗಿ ಕೂರುತ್ತದೆ. ಡೈವರುಗಳು ತೆಗೆದ ಫೋಟೋದಲ್ಲಿ ಸುಣ್ಣ ಬಳಿದ ಗೋಡೆಯಂತೆ ಕಾಣುತ್ತದೆ. ಪದರ ಕೂತ ಮೇಲೆ ಉಕ್ಕಿಗೆ ಕಡಿಮೆ ಕರೆಂಟು ಸಾಕು. ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಡೈವರ್ ಇಳಿದು ಮೀಟರ್ ಇಟ್ಟು ನೋಡುತ್ತಾನೆ. ಹೋಲಿಕೆಗೆ ಇಟ್ಟ ಸಿಲ್ವರ್ ಕ್ಲೋರೈಡ್ ಕಡ್ಡಿಯ ಎದುರು ಮೈನಸ್ 0.80 ವೋಲ್ಟ್, ಇಲ್ಲವೇ ಅದಕ್ಕಿಂತ ಮೈನಸ್ ಇದ್ದರೆ ಉಕ್ಕು ಕ್ಷೇಮ.

ಇದನ್ನು ಕಂಡುಹಿಡಿದದ್ದೂ ಹಡಗಿನವರಿಗಾಗಿಯೇ. 1824ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳದ ತಾಮ್ರದ ತಗಡಿಗೆ ಕಬ್ಬಿಣ, ಜಿಂಕಿನ ತುಂಡು ಜೋಡಿಸಿ ನೋಡಿದ. ತಾಮ್ರ ಸವೆಯುವುದು ನಿಂತಿತು. ಆದರೆ ತಳದ ತುಂಬ ಚಿಪ್ಪು, ಪಾಚಿ ಬೆಳೆದು ಹಡಗಿನ ವೇಗವೇ ಬಿತ್ತು. ತಾಮ್ರ ಸವೆದು ನೀರಿಗೆ ಬಿಡುತ್ತಿದ್ದ ವಿಷದಿಂದಲೇ ಅಷ್ಟು ದಿನ ಚಿಪ್ಪು ಅಂಟುತ್ತಿರಲಿಲ್ಲ! ನೌಕಾಪಡೆ ಆ ಉಪಾಯವನ್ನೇ ಕೈಬಿಟ್ಟಿತು. ಡೇವಿಯ ಲೆಕ್ಕದಲ್ಲಿ ತಪ್ಪಿರಲಿಲ್ಲ, ಪಾಪ.

ಅಂದ ಹಾಗೆ, ಗಟ್ಟಿ ಕೆಲಸ ಮಾಡುವುದು ನೀರಿನಲ್ಲಿ ಮುಳುಗಿದ ಭಾಗಕ್ಕೆ ಮಾತ್ರ. ಅಲೆ ಬಡಿದು ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗುವ ಪಟ್ಟಿ ಇದೆಯಲ್ಲ, ಅದಕ್ಕೆ ಸ್ಪ್ಲಾಶ್ ಜೋನ್ ಅನ್ನುತ್ತೇವೆ. ಇಡೀ ಪ್ಲಾಟ್‌ಫಾರಂನಲ್ಲಿ ತುಕ್ಕಿಗೆ ಬಲು ಇಷ್ಟವಾದ ಜಾಗ ಅದು. ಉಪ್ಪು ಇದೆ, ನೀರು ಇದೆ, ಬೇಕಾದಷ್ಟು ಗಾಳಿ ಇದೆ, ಬ್ಯಾಟರಿ ಮಾತ್ರ ಇಲ್ಲ. ಅಲ್ಲಿ ಉಕ್ಕನ್ನೇ ದಪ್ಪ ಇಡುತ್ತಾರೆ. ಮೇಲೆ ಗಾಜಿನ ಚೂರು ಬೆರೆಸಿದ ಎಪಾಕ್ಸಿ, ಕೆಲವು ಕಡೆ ರಬ್ಬರ್ ಹೊದಿಕೆ, ಮೋನೆಲ್ ಅನ್ನುವ ನಿಕ್ಕಲ್-ತಾಮ್ರದ ಮಿಶ್ರಲೋಹದ ತಗಡಿನ ಕವಚ. ನಿಮ್ಮ ಬೋಟಿನಲ್ಲೂ ನೀರಿನ ಗೆರೆಯ ಹತ್ತಿರವೇ ಮೊದಲು ಕೆರೆಯಬೇಕಾಗುತ್ತದೆ, ಅಲ್ವಾ?

ಪೈಪಿನೊಳಗೆ ಹಂದಿ ಬಿಡುತ್ತಾರೆ ಅಂತ ಬರೆದಿದ್ದೀರಿ. ನಿಜವಾದ ಹಂದಿಯಾ?
— ಎಂಟನೇ ತರಗತಿ ವಿದ್ಯಾರ್ಥಿನಿ, ಶಿವಮೊಗ್ಗ

ಅಲ್ಲ ಪುಟ್ಟಿ. ಪೈಪಿನ ಅಳತೆಗೆ ಸರಿಯಾಗಿ ಕೂರುವ ರಬ್ಬರಿನ ಬಿರಡೆ ಅದು. ಹಿಂದಿನಿಂದ ಗ್ಯಾಸು ತಳ್ಳಿದರೆ ಮುಂದೆ ಓಡುತ್ತದೆ. ಓಡುವಾಗ ಪೈಪಿಗೆ ಉಜ್ಜಿ ಕಿರ್ರೋ ಅಂತ ಹಂದಿಯಂತೆ ಕಿರುಚುತ್ತಿತ್ತಂತೆ, ಅದಕ್ಕೇ ಪಿಗ್ ಅಂತ ಹೆಸರು ಬಿತ್ತು ಅಂತಾರೆ. ಕಿರುಚುವುದನ್ನು ನಾನಂತೂ ಕೇಳಿಲ್ಲ. ಬಂದು ಬೀಳುವಾಗ ಧಡ್ ಅಂತ ಸದ್ದಾಗುವುದು ಕೇಳಿದ್ದೇನೆ.

ಸಾಧಾರಣ ಹಂದಿ ಪೈಪಿನ ತಳದ ನೀರು, ಕೆಸರು ಗುಡಿಸುತ್ತದೆ. ಬುದ್ಧಿವಂತ ಹಂದಿ ಅಂತ ಇನ್ನೊಂದಿದೆ. ಅದರ ಮೈತುಂಬ ದೊಡ್ಡ ಅಯಸ್ಕಾಂತಗಳು. ಹೋಗುತ್ತಾ ಹೋಗುತ್ತಾ ಪೈಪಿನ ಗೋಡೆಯನ್ನೇ ಅಯಸ್ಕಾಂತ ಮಾಡುತ್ತದೆ. ಎಲ್ಲಿ ಉಕ್ಕು ತೆಳುವಾಗಿದೆಯೋ ಅಲ್ಲಿ ಆ ಶಕ್ತಿ ಗೋಡೆಯಿಂದ ಹೊರಗೆ ಇಣುಕುತ್ತದೆ. ಸೆನ್ಸರುಗಳು ಅದನ್ನು ಬರೆದುಕೊಳ್ಳುತ್ತವೆ. ಜೊತೆಗೆ ಸಣ್ಣ ಚಕ್ರವೊಂದು ದೂರ ಅಳೆಯುತ್ತಿರುತ್ತದೆ, ಸೈಕಲ್ಲಿನ ಮೀಟರಿನ ಹಾಗೆ. ಸೆಕೆಂಡಿಗೆ 2 ಮೀಟರ್ ಹೋದರೆ 230 ಕಿಲೋಮೀಟರಿಗೆ 32 ಗಂಟೆ. ಆ 32 ಗಂಟೆ ಯಾರೂ ಸರಿಯಾಗಿ ಮಲಗುತ್ತಿರಲಿಲ್ಲ. ಮಧ್ಯೆ ಸಿಕ್ಕಿಹಾಕಿಕೊಂಡರೆ ಕಡಲ ತಳದಲ್ಲಿ ಹುಡುಕುವುದು ಯಾರು?

ಹಂದಿ ಜೊತೆ ಕಪ್ಪು ಪುಡಿ ಬರುತ್ತದೆ. ಕಬ್ಬಿಣದ ಸಲ್ಫೈಡ್. ನೋಡಲು ಮಸಿಯಂತೆ ಇರುತ್ತದೆ. ಗಾಳಿ ತಾಗಿದರೆ ಬೆಂಕಿ ಕಡ್ಡಿ ಇಲ್ಲದೆ ತಾನೇ ಕೆಂಡವಾಗುತ್ತದೆ. ನಾನು ಹೊಸಬನಾಗಿದ್ದಾಗ ಆ ಪುಡಿಯನ್ನು ಸ್ಯಾಂಪಲ್ ಅಂತ ಕಾಗದದಲ್ಲಿ ಕಟ್ಟಿಡಲು ಹೋಗಿದ್ದೆ. ಹಳೇ ಫೋರ್‌ಮನ್ ಒಬ್ಬರು ಕೈ ಮೇಲೆ ಹೊಡೆದು ಬಕೆಟ್ ನೀರಿಗೆ ಹಾಕಿಸಿದರು. ‘ಊರಿಗೆ ಹೋಗಬೇಕೋ ಬೇಡ್ವೋ’ ಅಂತ ಹಿಂದಿಯಲ್ಲಿ ಬೈದರು. ಒಳ್ಳೆಯ ಮನುಷ್ಯ.

ಇಷ್ಟೆಲ್ಲ ರಾಮಾಯಣ ಯಾಕೆ? ಎಲ್ಲವನ್ನೂ ಸ್ಟೇನ್‌ಲೆಸ್ ಸ್ಟೀಲಿನಲ್ಲೇ ಮಾಡಿಬಿಟ್ಟರೆ ಮುಗೀತಲ್ರೀ?
— ಹಾರ್ಡ್‌ವೇರ್ ಅಂಗಡಿಯವರು, ಹುಬ್ಬಳ್ಳಿ

ಹಣ ಒಂದು ಕಾರಣ ಅಂತ ನಿಮಗೆ ಗೊತ್ತೇ ಇದೆ. ಅದನ್ನು ಬಿಡಿ. ನಿಮ್ಮ ಅಜ್ಜಿ ಉಪ್ಪಿನಕಾಯಿ ಎಲ್ಲಿ ಇಡುತ್ತಿದ್ದರು? ಪಿಂಗಾಣಿ ಭರಣಿಯಲ್ಲಿ. ನಮ್ಮ ಕಡೆ ಉಪ್ಪು ಮರದ ಮರಿಗೆಯಲ್ಲಿ ಇರುತ್ತಿತ್ತು. ಈಗಲೂ ಸ್ಟೀಲ್ ಡಬ್ಬಿಯಲ್ಲಿ ಒದ್ದೆ ಉಪ್ಪು ಬಿಟ್ಟು ನೋಡಿ, ಸೂಜಿಮೊನೆಯಂಥ ಚುಕ್ಕಿಗಳು ಬೀಳುತ್ತವೆ. ಸ್ಟೀಲಿನ ಮೈಮೇಲಿನ ಪೊರೆಯನ್ನು ಉಪ್ಪಿನ ಕ್ಲೋರೈಡ್ ಚುಚ್ಚುತ್ತದೆ. ಮಾಮೂಲಿ ಉಕ್ಕು ಅಗಲಕ್ಕೆ ಸವೆದರೆ ಇದು ಒಂದೇ ಕಡೆ ಆಳಕ್ಕೆ ತೂತಾಗುತ್ತದೆ. ನೀವು ಮಾರುವ 316 ನಂಬರಿನ ಸ್ಟೇನ್‌ಲೆಸ್ ಇದೆಯಲ್ಲ, ಪ್ಲಾಟ್‌ಫಾರಂನ ಮೀಟರುಗಳಿಗೆ ಹೋಗುವ ಸಣ್ಣ ಟ್ಯೂಬುಗಳು ಅದರವೇ. ಹೊರಗೆ ಕನ್ನಡಿಯಂತೆ ಹೊಳೆಯುತ್ತಿರುತ್ತವೆ. ಹಿಡಿದಿಟ್ಟ ಪ್ಲಾಸ್ಟಿಕ್ ಕ್ಲಾಂಪ್ ಬಿಚ್ಚಿದರೆ ಅಡಿಯಲ್ಲಿ ತೂತು. ಉಪ್ಪುನೀರು ನುಸುಳಿ ಹೊರಗೆ ಬರಲಾಗದೆ ಕೂತಿರುತ್ತದೆ. ಇನ್ನು ಪೈಪು ಬಿಸಿ ಇದ್ದರೆ, 60 ಡಿಗ್ರಿ ದಾಟಿದರೆ, ಉಪ್ಪಿನ ಜೊತೆ ಸೇರಿ ಸೀಳುಬಿಡುವ ಭಯವೂ ಇದೆ.

ಬೇಕಾದ ಕಡೆ ಒಳ್ಳೆಯ ಲೋಹ ಹಾಕುತ್ತಾರೆ. ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇರುವ ಬಾವಿಯ ಟ್ಯೂಬಿಗೆ 13 ಕ್ರೋಮ್, ಅಂದರೆ ನೂರಕ್ಕೆ 13 ಭಾಗ ಕ್ರೋಮಿಯಂ ಇರುವ ಉಕ್ಕು. ಇನ್ನೂ ಕಷ್ಟದ ಜಾಗಕ್ಕೆ ಡ್ಯೂಪ್ಲೆಕ್ಸ್ ಅನ್ನುವ ಮೇಲುದರ್ಜೆಯ ಸ್ಟೇನ್‌ಲೆಸ್. ಅತಿ ಕಷ್ಟದ ಕಡೆ ಮಾಮೂಲಿ ಉಕ್ಕಿನ ಪೈಪಿನ ಒಳಮೈಗೆ ಮೂರು ಮಿಲಿಮೀಟರ್ ನಿಕ್ಕಲ್ ಮಿಶ್ರಲೋಹದ ಪದರ. ತಾಮ್ರದ ಪಾತ್ರೆಗೆ ಕಲಾಯಿ ಹಾಕಿದ ಹಾಗೆ ಅಂದುಕೊಳ್ಳಿ.

ತುಕ್ಕು ತಡೆಯಲು ಗ್ಯಾಸಿಗೆ ಔಷಧಿ ಬೆರೆಸುತ್ತಾರಂತೆ. ಅದು ನಿಜವಾಗಿ ಕೆಲಸ ಮಾಡುತ್ತದೆಯೇ?
— ಬಿ.ಎಸ್ಸಿ. ಕೆಮಿಸ್ಟ್ರಿ, ದಾವಣಗೆರೆ

ಮಾಡುತ್ತದೆ, ಪಂಪು ಓಡುತ್ತಿದ್ದರೆ. ಇನ್‌ಹಿಬಿಟರ್ ಅಂತ ಕರೆಯುತ್ತೇವೆ. ಅದರ ಅಣುವಿನ ತಲೆ ಉಕ್ಕಿಗೆ ಅಂಟುತ್ತದೆ, ಎಣ್ಣೆಯಂಥ ಬಾಲ ನೀರನ್ನು ದೂರ ಇಡುತ್ತದೆ. ದೋಸೆ ಕಾವಲಿಗೆ ಎಣ್ಣೆ ಸವರಿದ ಹಾಗೆ. ಆದರೆ ಆ ಪೊರೆ ದಿನಾ ಹೊಸದಾಗಿ ಕಟ್ಟುತ್ತಿರಬೇಕು.

ನಾನು ಹುಡುಗರಿಗೆ ಹೇಳಿಕೊಡುತ್ತಿದ್ದ ಒಂದು ಲೆಕ್ಕ ನಿಮಗೂ ಇರಲಿ. ಔಷಧಿ ಇಲ್ಲದಿದ್ದರೆ ವರ್ಷಕ್ಕೆ 5 ಮಿಲಿಮೀಟರ್ ಸವೆತ, ಇದ್ದರೆ 0.1 ಅಂದುಕೊಳ್ಳಿ. ವರ್ಷದಲ್ಲಿ ನೂರಕ್ಕೆ 5 ಭಾಗ, ಅಂದರೆ ಹದಿನೆಂಟು ದಿನ ಪಂಪು ನಿಂತಿತ್ತು. ಆ ಹದಿನೆಂಟು ದಿನದಲ್ಲಿ ಹೋದದ್ದು 0.25 ಮಿಲಿಮೀಟರ್. ಉಳಿದ 347 ದಿನದಲ್ಲಿ ಹೋದದ್ದು 0.1 ಕೂಡ ಇಲ್ಲ. ಔಷಧಿ ಯಾವ ಬ್ರ್ಯಾಂಡು ಅಂತ ಮೀಟಿಂಗಿನಲ್ಲಿ ಎರಡು ಗಂಟೆ ಜಗಳವಾಡುತ್ತಾರೆ. ಪಂಪಿನ ವಾಷರ್ ಸ್ಟೋರಿನಲ್ಲಿ ಇದೆಯಾ ಅಂತ ಯಾರೂ ಕೇಳುವುದಿಲ್ಲ.

ಇನ್ನೊಂದು ತೊಡಕೂ ಇದೆ. ಔಷಧಿ ನೀರಿನ ಜೊತೆ ಪೈಪಿನ ತಳದಲ್ಲಿ ಹರಿಯುತ್ತದೆ. ಒಣಗಿಸದ ಗ್ಯಾಸಿನ ಪೈಪಿನಲ್ಲಿ ಮೇಲ್ಗಡೆಯೂ ಹನಿ ಕಟ್ಟುತ್ತದಲ್ಲ, ಅಲ್ಲಿಗೆ ಇದು ತಲುಪುವುದಿಲ್ಲ. ನಮ್ಮ ಭಾಷೆಯಲ್ಲಿ ಪೈಪಿಗೂ ಗಡಿಯಾರದ ಲೆಕ್ಕ: ತಳ ಆರು ಗಂಟೆ, ನೆತ್ತಿ ಹನ್ನೆರಡು ಗಂಟೆ. ಆರು ಗಂಟೆಯಲ್ಲಿ ಎಲ್ಲ ಕ್ಷೇಮ, ಹನ್ನೆರಡರಲ್ಲಿ ಗುಂಡಿ. ಅದಕ್ಕೆ ಆಗಾಗ ಎರಡು ಹಂದಿಗಳ ನಡುವೆ ಔಷಧಿ ತುಂಬಿ ಓಡಿಸಿ, ನೆತ್ತಿಗೂ ಸವರಬೇಕಾಗುತ್ತದೆ.

ಎಲ್ಲ ಸರಿ ಮಾಡಿದ್ದನ್ನೇ ಬರೆಯುತ್ತೀರಿ. ನಿಮ್ಮ ಕೈಯಲ್ಲಿ ತಪ್ಪೇ ಆಗಲಿಲ್ಲವೇ?
— ನಿವೃತ್ತ ಉಪನ್ಯಾಸಕರು, ಮೈಸೂರು

ಈ ಪತ್ರವನ್ನು ಕಟ್ಟಿನ ಕೊನೆಗೆ ಸರಿಸಿ ಸರಿಸಿ ಇಟ್ಟಿದ್ದೆ. ಉತ್ತರ ಕೊಡಲೇಬೇಕು.

ತೊಂಬತ್ತರ ದಶಕ. ಆಗ ನಾನಿದ್ದ ಪ್ಲಾಟ್‌ಫಾರಂ ಯಾವುದು ಅನ್ನುವುದು ಇಲ್ಲಿ ಬೇಡ. ಮುಖ್ಯ ಪೈಪಿನಲ್ಲಿ ಸಣ್ಣ ಉಕ್ಕಿನ ಪಟ್ಟಿಗಳನ್ನು ಇಳಿಬಿಟ್ಟು, ಮೂರು ತಿಂಗಳಿಗೊಮ್ಮೆ ತೆಗೆದು ತೂಗುತ್ತಿದ್ದೆ. ಕೂಪನ್ ಅನ್ನುತ್ತೇವೆ. ಎಷ್ಟು ತೂಕ ಕಳೆದುಕೊಂಡಿದೆಯೋ ಅಷ್ಟು ಸವೆತ. ನನ್ನ ಕೂಪನ್‌ಗಳು ಬಂಗಾರದಂತೆ ಬರುತ್ತಿದ್ದವು. ರಿಪೋರ್ಟು ಓದಿ ದಡದಲ್ಲಿದ್ದ ಸಾಹೇಬರು ಎರಡು ಸಲ ಭೇಷ್ ಅಂದಿದ್ದರು.

ಒಂದು ದಿನ ಬೆಳಗಿನ ಜಾವ ಗ್ಯಾಸ್ ಅಲಾರಂ ಹೊಡೆಯಿತು. ಇಡೀ ಪ್ಲಾಟ್‌ಫಾರಂ ಬಂದ್ ಆಯಿತು. ಲೈಫ್ ಜಾಕೆಟ್ ಹಾಕಿಕೊಂಡು ಎಲ್ಲರೂ ಬೋಟಿನ ಹತ್ತಿರ ಸಾಲು ನಿಂತೆವು. ಯಾರಿಗೂ ಏನೂ ಆಗಲಿಲ್ಲ. ಗಾಳಿ ಇತ್ತು, ಬೆಂಕಿ ಕಿಡಿ ಇರಲಿಲ್ಲ, ಅಷ್ಟೇ. ಸೋರಿದ್ದು ಮುಖ್ಯ ಪೈಪಲ್ಲ. ಪಕ್ಕದ ನಾಲ್ಕಿಂಚಿನ ಬೈಪಾಸ್. ವರ್ಷಗಳ ಹಿಂದೆ ವಾಲ್ವ್ ಬದಲಿಸಿದಾಗಿನಿಂದ ಅದರಲ್ಲಿ ಏನೂ ಹರಿಯುತ್ತಿರಲಿಲ್ಲ. ಒಂದು ತುದಿ ಮುಚ್ಚಿತ್ತು, ಇನ್ನೊಂದು ಮುಖ್ಯ ಪೈಪಿಗೆ ತೆರೆದಿತ್ತು. ಇಂಥ ಮೂಲೆಗೆ ಡೆಡ್ ಲೆಗ್ ಅನ್ನುತ್ತಾರೆ. ನೀರು ಹೋಗಿ ಕೂತಿದೆ. ಔಷಧಿ ಅಲ್ಲಿಗೆ ಹೋಗುವುದಿಲ್ಲ, ಹಂದಿ ಹೋಗುವುದಿಲ್ಲ. ಬ್ಯಾಕ್ಟೀರಿಯಾ ಮಾತ್ರ ಹೋಗುತ್ತದೆ. ಗಾಳಿಯೇ ಬೇಡದ ಜಾತಿ ಅದು. ನೀರಿನ ಸಲ್ಫೇಟ್ ತಿಂದು ಸಲ್ಫೈಡ್ ಕಾರುತ್ತದೆ. ಕೊಯ್ದು ತೆಗೆದಾಗ ಒಳಗೆ ಕಪ್ಪು ಲೋಳೆ, ಅದೇ ಮೊಟ್ಟೆ ವಾಸನೆ.

ಆ ಪೈಪಿನ ದಪ್ಪ ಎಂಟೂವರೆ ಮಿಲಿಮೀಟರ್. ಸುತ್ತಲೂ ಎಂಟು ಹಾಗೇ ಇತ್ತು. ಆರು ಗಂಟೆಯ ಜಾಗದಲ್ಲಿ ಎರಡು ಬೆರಳಗಲದ ಒಂದು ಕಾಲುವೆ, ಅದರ ಕೊನೆಯಲ್ಲಿ ಕಡಲೆಕಾಳಿನಷ್ಟು ತೂತು. ಶಬ್ದದ ಅಲೆಯಿಂದ ದಪ್ಪ ಅಳೆದ ಅಲ್ಟ್ರಾಸಾನಿಕ್ ರೀಡಿಂಗ್ ಇರಲಿಲ್ಲವೇ ಅಂತ ಕೇಳಿದರು. ಇತ್ತು. ನಡೆಯುವ ಕಟ್ಟೆಯಿಂದ ಕೈಗೆಟುಕುವ ಬದಿಯಲ್ಲಿ, ಮೂರು ಗಂಟೆಯಲ್ಲಿ ತೆಗೆದದ್ದು. ತಳಕ್ಕೆ ಇಳಿಯಲು ಅಟ್ಟಣಿಗೆ ಕಟ್ಟಬೇಕಿತ್ತು. ಅಟ್ಟಣಿಗೆಯವರು ಬೇರೆ ಕೆಲಸದಲ್ಲಿದ್ದರು. ನಾನು ‘ಮುಂದಿನ ಸಲ’ ಅಂತ ಬರೆದು ಸಹಿ ಹಾಕಿದ್ದೆ. ಹಿಂದಿನ ವರ್ಷವೂ ‘ಮುಂದಿನ ಸಲ’. ಅದರ ಹಿಂದಿನ ವರ್ಷವೂ. ಮೂರೂ ನನ್ನದೇ ಅಕ್ಷರ.

ಆ ಬೈಪಾಸಿನ ಪಕ್ಕದಲ್ಲಿ ದಿನಕ್ಕೆ ನಾಲ್ಕು ಸಲ ಓಡಾಡಿದ್ದೇನೆ. ಅದರ ಮೇಲೆ ಕಾಲಿಟ್ಟು ಶೂ ಲೇಸು ಕಟ್ಟಿಕೊಂಡಿದ್ದೇನೆ.

ಮುಂದೆ ಹೊಸ ಪ್ಲಾಟ್‌ಫಾರಂಗೆ ಹೋದಾಗೆಲ್ಲ ಮೊದಲ ದಿನ ಕೂಪನ್ ನೋಡುತ್ತಿರಲಿಲ್ಲ. ಡ್ರಾಯಿಂಗ್ ಹಿಡಿದು, ಹರಿಯದ ಪೈಪು ಎಲ್ಲೆಲ್ಲಿ ಇದೆ ಅಂತ ಕೆಂಪು ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದೆ. ಡ್ರಾಯಿಂಗಿನಲ್ಲಿ ಇಲ್ಲದ ಪೈಪುಗಳೂ ಸಿಗುತ್ತಿದ್ದವು ಅನ್ನುವುದು ಬೇರೆ ಮಾತು.

ಸಾವಿರಾರು ಕೋಟಿಯ ಪೈಪು ಕೆಲವೇ ವಾರದಲ್ಲಿ ಹಾಳಾದ ಕತೆ ಕೇಳಿದ್ದೆ. ಇದು ನಿಜವೇ?
— ಎಂಜಿನಿಯರ್, ದಮ್ಮಾಮ್ (ಊರು ಗದಗ)

ನಿಜ. ಕ್ಯಾಸ್ಪಿಯನ್ ಸಮುದ್ರದ ಕಶಗಾನ್ ತೈಲಕ್ಷೇತ್ರ, ಕಜಕಸ್ತಾನ. 2013ರ ಸೆಪ್ಟೆಂಬರಿನಲ್ಲಿ ಉತ್ಪಾದನೆ ಶುರುವಾಯಿತು, ಕೆಲವೇ ವಾರಗಳಲ್ಲಿ ಪೈಪು ಸೋರಿ ನಿಂತಿತು. ಅಲ್ಲಿನ ಗ್ಯಾಸಿನಲ್ಲಿ ನೂರಕ್ಕೆ ಹದಿನೈದಕ್ಕೂ ಜಾಸ್ತಿ ಹೈಡ್ರೋಜನ್ ಸಲ್ಫೈಡ್. ಇಲ್ಲಿ ಉಕ್ಕು ಸವೆಯಲಿಲ್ಲ, ಸೀಳಿತು. ಎರಡೂ ಬೇರೆ ರೋಗ.

ನೀರು, ಸಲ್ಫೈಡ್ ಸೇರಿ ಉಕ್ಕಿನ ಮೇಲೆ ಹೈಡ್ರೋಜನ್ ಪರಮಾಣುಗಳು ಹುಟ್ಟುತ್ತವೆ. ಎರಡೆರಡು ಜೋಡಿಯಾದರೆ ಗುಳ್ಳೆಯಾಗಿ ಹೊರಟುಹೋಗುತ್ತವೆ. ಸಲ್ಫೈಡ್ ಆ ಜೋಡಿಗೆ ಅಡ್ಡ ಬರುತ್ತದೆ. ಒಂಟಿಯಾಗಿ ಉಳಿದದ್ದು ಉಕ್ಕಿನ ಒಳಗೇ ನುಸುಳುತ್ತದೆ. ಹಸಿ ಬೆತ್ತ ಬಾಗುತ್ತದೆ, ಒಣಗಿದ ಬೆತ್ತ ಲಟ್ಟನೆ ಮುರಿಯುತ್ತದಲ್ಲ. ಮೆತ್ತನೆಯ ಉಕ್ಕು ತಡೆದುಕೊಳ್ಳುತ್ತದೆ, ಗಡಸು ಉಕ್ಕು ಸೀಳುತ್ತದೆ. ಕಶಗಾನಿನಲ್ಲಿ ಪೈಪಿನ ಕೆಲವು ಜಾಗಗಳು ಇರಬೇಕಾದದ್ದಕ್ಕಿಂತ ಗಡಸಾಗಿದ್ದವು. ತೈಲದ್ದೊಂದು, ಗ್ಯಾಸಿನದ್ದೊಂದು, ಎರಡೂ ಸೇರಿ ಸುಮಾರು 200 ಕಿಲೋಮೀಟರ್ ಪೈಪು. ಎಲ್ಲ ಬದಲಿಸಿ, ನಿಕ್ಕಲ್ ಪದರದ ಪೈಪು ಹಾಕಿ, ಮತ್ತೆ ಶುರುವಾದದ್ದು 2016ರಲ್ಲಿ.

ಬೇಜಾರಿನ ಸಂಗತಿ ಅಂದರೆ ಇದು ಹೊಸ ರೋಗ ಅಲ್ಲ. 1951ರಲ್ಲಿ ಫ್ರಾನ್ಸಿನ ಲಾಕ್‌ನಲ್ಲಿ ಹುಳಿ ಗ್ಯಾಸು ಸಿಕ್ಕಾಗ ಬಾವಿಯ ಉಕ್ಕು ಹೀಗೇ ಸೀಳಿತ್ತು. ಅಂಥ ಅನುಭವಗಳಿಂದ 1975ರಲ್ಲಿ ಬರಹದ ನಿಯಮವೇ ಬಂತು: ಮಾಮೂಲಿ ಉಕ್ಕಿನ ಗಡಸುತನ ರಾಕ್‌ವೆಲ್ ಸಿ ಮಾಪನದಲ್ಲಿ 22 ದಾಟಬಾರದು. ಅದು ಎಷ್ಟು ಸಲ್ಫೈಡ್ ಇದ್ದರೆ ಅನ್ವಯ ಗೊತ್ತಾ? ಅದರ ಪಾಲಿನ ಒತ್ತಡ 0.003 ಬಾರ್. 80 ಬಾರ್ ಪೈಪಿನಲ್ಲಿ ಹತ್ತು ಲಕ್ಷಕ್ಕೆ ಮೂವತ್ತೆಂಟು ಭಾಗವಾಗುವಷ್ಟಕ್ಕೇ. ನೀವು ಕೊಲ್ಲಿಯಲ್ಲಿ ಇದ್ದೀರಿ. ಸೈಟಿನಲ್ಲಿ ಬೆಸುಗೆ ಮುಗಿದ ಮೇಲೆ ಗಡಸುತನದ ರಿಪೋರ್ಟು ಕೇಳಿ. ಬೆಸುಗೆ ಬೇಗ ತಣ್ಣಗಾದರೆ ಪಕ್ಕದ ಉಕ್ಕು ಗಡಸಾಗಿರುತ್ತದೆ. ‘ಎಲ್ಲ ಓಕೆ’ ಅಂದರೆ ಅಂಕಿ ತೋರಿಸಿ ಅನ್ನಿ.

2005ರ ಮುಂಬೈ ಹೈ ತೈಲಕ್ಷೇತ್ರದ ಬೆಂಕಿಗೂ ತುಕ್ಕೇ ಕಾರಣವೇ?
— ಓದುಗರು, ಕಲಬುರಗಿ

ಅಲ್ಲ. ಆ ಜುಲೈ 27ರಂದು ಬೆರಳಿಗೆ ಗಾಯವಾದ ಒಬ್ಬರನ್ನು ಪ್ಲಾಟ್‌ಫಾರಂಗೆ ದಾಟಿಸಲು ಹತ್ತಿರ ಬಂದ ಹಡಗು ರೈಸರ್‌ಗೆ, ಅಂದರೆ ಕಡಲ ತಳದಿಂದ ಮೇಲೇರುವ ಪೈಪಿಗೆ, ಬಡಿಯಿತು. ಗ್ಯಾಸು ಸೋರಿ ಹೊತ್ತಿಕೊಂಡಿತು. 22 ಜನ ಹೋದರು. ಹಿಂದಿನ ದಿನವಷ್ಟೇ ಮುಂಬೈ ಮಳೆಯಲ್ಲಿ ಮುಳುಗಿತ್ತು. ನನ್ನ ಸರದಿ ಅಲ್ಲದ್ದರಿಂದ ನಾನು ದಡದಲ್ಲಿದ್ದೆ. ಇದಕ್ಕಿಂತ ಜಾಸ್ತಿ ಬರೆಯಲು ಮನಸ್ಸಿಲ್ಲ.

ಬೆಂಗಳೂರಿನ ಫ್ಲಾಟ್. ಬೋರ್‌ವೆಲ್ ನೀರು. ಗೀಸರ್ ಟ್ಯಾಂಕು ಮೂರೇ ವರ್ಷಕ್ಕೆ ಸೋರುತ್ತಿದೆ. ನಿಮ್ಮ ಕಡಲ ವಿದ್ಯೆ ಇಲ್ಲಿ ಏನಾದರೂ ಉಪಯೋಗಕ್ಕೆ ಬರುತ್ತದಾ ಅಂಕಲ್?
— ಗೃಹಿಣಿ, ಯಲಹಂಕ

ಬರುತ್ತದಮ್ಮಾ. ಗೀಸರ್ ಟ್ಯಾಂಕಿನ ಒಳಗೂ ಸಾಮಾನ್ಯವಾಗಿ ಒಂದು ಮೆಗ್ನೀಸಿಯಂ ಕಡ್ಡಿ ಇರುತ್ತದೆ. ಮಲ್ಪೆ ಹುಡುಗನ ಜಿಂಕ್ ಗಟ್ಟಿಯದ್ದೇ ಕೆಲಸ ಅದರದ್ದು. ಬೋರ್‌ವೆಲ್ ನೀರಿನಲ್ಲಿ ಒಂದೆರಡು ವರ್ಷಕ್ಕೆ ಸವೆದು ತಂತಿ ಮಾತ್ರ ಉಳಿಯಬಹುದು. ಆಮೇಲೆ ಟ್ಯಾಂಕಿನ ಸರದಿ. ಹೊಸ ಗೀಸರ್ ತಂದಾಗ ಸರ್ವಿಸ್ ಹುಡುಗನಿಗೆ ವರ್ಷಕ್ಕೊಮ್ಮೆ ‘ಆನೋಡ್ ರಾಡ್ ತೆಗೆದು ತೋರಿಸು’ ಅನ್ನಿ. ‘ಅದೆಲ್ಲ ಚೆನ್ನಾಗಿದೆ ಮೇಡಂ, ಮುಂದಿನ ಸಲ ನೋಡೋಣ’ ಅಂದರೆ ಒಪ್ಪಬೇಡಿ.